ಖರ್ಚಿನ ಪಟ್ಟಿಯಲ್ಲಿ ಇಲ್ಲದ ಸಂಬಳ

ಸಣ್ಣ ಗೇಮ್ ಸ್ಟುಡಿಯೊ ನಡೆಸುವವರು ಮನಸ್ಸಿನ ತೊಂದರೆಗೆ ಸಲಹೆ ಕೊಡುವ ನನ್ನ ಹತ್ತಿರ ಬರುವುದು ಹೆಚ್ಚಾಗಿ ನಿದ್ದೆಯ ದೂರು ಹೊತ್ತು. ಅಂಥವರೊಬ್ಬರು ಹಾಗೇ ಬಂದರು. ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಕೆಲಸ ಬಿಟ್ಟು ಉಳಿತಾಯದ ದುಡ್ಡಿನಲ್ಲಿ ಸ್ಟುಡಿಯೊ ಶುರು ಮಾಡಿದ್ದರು. ಜೊತೆಗೆ ಗೇಮ್‌ಗೆ ಚಿತ್ರ ಮಾಡುವ ಹುಡುಗಿ, ಒಬ್ಬ ಪ್ರೋಗ್ರಾಮರ್.

ಮೊದಲ ಭೇಟಿಗಳಲ್ಲಿ ನಿದ್ದೆ, ಮನೆಯ ಜಗಳ, ಇವೇ ಮಾತು. ಒಮ್ಮೆ ಸ್ಟುಡಿಯೊದ ಖರ್ಚಿನ ಪಟ್ಟಿ ತನ್ನಿ ಎಂದೆ. ಅಚ್ಚುಕಟ್ಟಾದ ಪಟ್ಟಿ. ಇಬ್ಬರ ಸಂಬಳ, ಸಂಗೀತದವರಿಗೆ ಕೊಡಬೇಕಾದದ್ದು, ಆನ್‌ಲೈನಿನಲ್ಲಿ ಗೇಮ್ ಮಾರುವ ಅಂಗಡಿಯಾದ ಸ್ಟೀಮ್‌ನಲ್ಲಿ ಗೇಮ್ ಹಾಕಲು ಕಟ್ಟುವ 100 ಡಾಲರ್, ಮಾರಾಟದಲ್ಲಿ ಸ್ಟೀಮ್ ಹಿಡಿದುಕೊಳ್ಳುವ ಶೇಕಡಾ 30, ಎಲ್ಲ ಇತ್ತು.

"ನಿಮ್ಮ ಸಂಬಳ ಎಲ್ಲಿ?" ಎಂದೆ.

"ನನಗ್ಯಾಕೆ ಮೇಡಂ? ಸ್ಟುಡಿಯೊ ನನ್ನದೇ ಅಲ್ವಾ?"

ಮನೆ ನಡೆಸಲು ಬೇಕಾಗುವಷ್ಟನ್ನೇ ಒಂದು ಸಾಲು ಬರೆಯಿರಿ ಎಂದೆ. ಬರೆದು ಕೂಡಿಸಿದರು. ಹದಿನಾಲ್ಕು ತಿಂಗಳಿಗೆ ಸಾಕು ಎಂದುಕೊಂಡಿದ್ದ ದುಡ್ಡು ಒಂಬತ್ತಕ್ಕೇ ಮುಗಿಯಿತು.

"ಹಾಗಾದ್ರೆ ಗೇಮ್ ಚಿಕ್ಕದು ಮಾಡಬೇಕಾಗುತ್ತೆ. ಚಿಕ್ಕದಾದ್ರೆ ಆಡಿ ಮುಗಿಸಿ ದುಡ್ಡು ವಾಪಸ್ ಕೇಳ್ತಾರೆ."

ಈ ಭಯಕ್ಕೆ ಆಧಾರ ಇದೆ. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಸಾಮಾನ್ಯವಾಗಿ ದುಡ್ಡು ಹಿಂತಿರುಗಿಸುತ್ತದೆ. ಅದಕ್ಕೆ ಹೆದರಿ ಅವರು ಲೆವೆಲ್ ಮೇಲೆ ಲೆವೆಲ್ ಸೇರಿಸುತ್ತಾ ಹೋಗಿದ್ದರು. ಅವೆಲ್ಲ ತಯಾರಾಗುತ್ತಿದ್ದದ್ದು ಅವರ ರಾತ್ರಿಗಳಲ್ಲಿ. ರಾತ್ರಿಗೆ ಬೆಲೆಯೇ ಹಾಕಿಲ್ಲವಾದ್ದರಿಂದ ಪ್ರತಿ ಹೊಸ ಲೆವೆಲ್ಲೂ ಬಿಟ್ಟಿ ಸಿಕ್ಕಂತೆ ಕಾಣುತ್ತಿತ್ತು.

ಇನ್ನೊಂದು ಮಾತು ಆಮೇಲೆ ಬಂತು. "ಚಿತ್ರ ಮಾಡೋ ಹುಡುಗಿ ಹೋದ ವಾರ ಹೇಳಿದ್ಲು, ನೀವು ಕುರ್ಚಿ ಬಿಟ್ಟು ಏಳದೆ ನಾವು ಏಳೋಕೆ ಮುಜುಗರ ಆಗುತ್ತೆ ಸರ್ ಅಂತ. ನಾನು ಯಾರನ್ನೂ ಯಾವತ್ತೂ ಕೂರಿಸ್ಕೊಂಡಿಲ್ಲ ಮೇಡಂ." ಹೇಳುವಾಗ ಅವರ ಗಂಟಲು ಕಟ್ಟಿತು.

ನಾನು ಕೊಟ್ಟ ಸಲಹೆ ಇಷ್ಟೇ. ಉಳಿದಿಬ್ಬರಿಗೆ ಸಂಬಳ ಹೋಗುವ ದಿನವೇ ನಿಮಗೂ ಹೋಗಲಿ. ಬಿಡುಗಡೆಯ ತಿಂಗಳನ್ನು ದುಡ್ಡಿನ ಲೆಕ್ಕದಿಂದ ಗೊತ್ತುಮಾಡಿ. ಬಗ್ ಸರಿಪಡಿಸಲು ಸಮಯ ಉಳಿಸಿ, ಮಿಕ್ಕ ದಿನಗಳಲ್ಲಿ ಮುಗಿಯದ ಲೆವೆಲ್‌ಗಳನ್ನು ತೆಗೆಯಿರಿ. ಸಂಜೆ ಎಲ್ಲರಿಗಿಂತ ಮೊದಲು ನೀವೇ ಏಳಿ.

ಮನಸ್ಸಿನ ಮಾತು ಬಿಟ್ಟು ಲೆಕ್ಕಪತ್ರಕ್ಕೆ ಯಾಕೆ ಕೈ ಹಾಕಿದಿರಿ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಸ್ಟುಡಿಯೊದವರ ನಿದ್ದೆ ಕೆಡುತ್ತಿದ್ದದ್ದೇ ಆ ಪಟ್ಟಿಯಿಂದ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದ್ದರೆ ಅದೇ ಕುರ್ಚಿಗೆ ಹೋಗಿ ಇನ್ನೂ ಜಾಸ್ತಿ ಹೊತ್ತು ಕೂರುತ್ತಿದ್ದರು. ನನಗೆ ಅದರಲ್ಲಿ ಅನುಮಾನವಿಲ್ಲ.

ಇಂಥವರೆಲ್ಲ ಸ್ಟಾರ್ಡ್ಯೂ ವ್ಯಾಲಿ ಎಂಬ ಗೇಮಿನ ಉದಾಹರಣೆ ಕೊಡುತ್ತಾರೆ. ಎರಿಕ್ ಬರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಜಾಸ್ತಿ ದುಡಿದು 2016ರಲ್ಲಿ ಅದನ್ನು ಹೊರತಂದದ್ದು ನಿಜ. ಆದರೆ ಆಗ ಅವರು ರಂಗಮಂದಿರವೊಂದರಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದರು. ಗೆಳತಿಯ ದುಡಿಮೆಯ ಆಸರೆಯೂ ಇತ್ತು. ಕಥೆ ಹೇಳುವಾಗ ಈ ಭಾಗ ಬಿಟ್ಟುಹೋಗುತ್ತದೆ.

ದುಡ್ಡು ಹಾಕಿ ಗೇಮ್ ಹೊರತರುವ ಪಬ್ಲಿಷರ್ ಹತ್ತಿರ ಹೋಗುವವರಿಗೂ ಒಂದು ಮಾತು. ಅಡ್ವಾನ್ಸ್ ಕೊಟ್ಟವರು ಸಾಮಾನ್ಯವಾಗಿ ಮಾರಾಟದ ಹಣದಿಂದ ಮೊದಲು ಅದನ್ನು ಮುರಿದುಕೊಳ್ಳುತ್ತಾರೆ, ನಿಮ್ಮ ಪಾಲು ಆಮೇಲೆ. ಹಾಗಾಗಿ ನಿಮ್ಮ ಸಂಬಳವನ್ನು ಅಡ್ವಾನ್ಸ್ ಕೇಳುವಾಗಲೇ ಸೇರಿಸಿ ಕೇಳಿ. ಈ ಸ್ಟುಡಿಯೊದವರು ಈಗ ಹಾಗೆಯೇ ಬರೆದು ಕಳಿಸಿದ್ದಾರೆ. ಮೂರು ಲೆವೆಲ್ ತೆಗೆದಿದ್ದಾರೆ. ನಾಲ್ಕನೆಯದನ್ನು ಬಿಡಲು ಇನ್ನೂ ಮನಸ್ಸು ಬಂದಿಲ್ಲ. ನಮ್ಮ ಭೇಟಿ ಮುಂದುವರಿದಿದೆ.