ರೋನನ್ ಕೀಟಿಂಗ್ ಹಾಡು ಕೈಕೊಟ್ಟ ಮೇಲೆ ನಿರೂಪಕನಾದನೇ?

ನೀವು ಕೇಳಿರುವುದು ಎರಡು. ಐರ್ಲೆಂಡಿನ ಪಾಪ್ ಗಾಯಕರ ತಂಡ ಬಾಯ್‌ಝೋನ್‌ನ ರೋನನ್ ಕೀಟಿಂಗ್ ಹಾಡಿನ ಬೇಡಿಕೆ ತಗ್ಗಿದ್ದರಿಂದ ಟಿ.ವಿ., ರೇಡಿಯೋ ನಿರೂಪಣೆ ಹಿಡಿದನೇ ಎಂಬುದು ಒಂದು. ಆತನ ಹಾಡುಗಳನ್ನು ಎಲ್ಲಿಂದ ಕೇಳಲು ತೊಡಗಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ, ಇಲ್ಲ. ಇಸವಿಗಳನ್ನು ನೋಡಿ: ಆತ ಸ್ವತಂತ್ರ ಗಾಯಕನಾಗುವುದಕ್ಕೆ ಮೊದಲೇ ನಿರೂಪಕನಾಗಿದ್ದ.

1996ರಲ್ಲಿ ಐರ್ಲೆಂಡ್, ಯೂರೋಪಿನ ದೇಶಗಳ ನಡುವೆ ನಡೆಯುವ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದಿತ್ತು. ಗೆದ್ದ ದೇಶವೇ ಮರುವರ್ಷ ಸ್ಪರ್ಧೆ ನಡೆಸುವುದು ಅಲ್ಲಿಯ ಪದ್ಧತಿಯಾದ್ದರಿಂದ 1997ರ ಮೇ ತಿಂಗಳಲ್ಲಿ ಅದು ಡಬ್ಲಿನ್ನಿನ ಪಾಯಿಂಟ್ ಥಿಯೇಟರಿಗೆ ಬಂತು. ಯೂರೋಪಿನುದ್ದಕ್ಕೂ ನೇರಪ್ರಸಾರವಾಗುವ ಆ ಕಾರ್ಯಕ್ರಮವನ್ನು ನಡೆಸಿಕೊಟ್ಟವರು ಕ್ಯಾರಿ ಕ್ರೌಲಿ ಮತ್ತು ರೋನನ್. ಆಗ ಆತನಿಗೆ ಕೇವಲ 20 ವರ್ಷ. ಸ್ಪರ್ಧೆಯ ಹಾಡುಗಳು ಮುಗಿದ ಮೇಲಿನ ಬಿಡುವಿನಲ್ಲಿ ಅದೇ ಹುಡುಗ ತಂಡದವರ ಜೊತೆ ನಿಂತು ಹಾಡಿದ, ಹಾಡಿ ಮುಗಿಸಿ ಮತ್ತೆ ನಿರೂಪಣೆಗೆ ಮರಳಿದ. ಅದೇ ವರ್ಷ ರಾಟರ್‌ಡ್ಯಾಮಿನಲ್ಲಿ, ಮತ್ತೆ 1999ರಲ್ಲಿ ಡಬ್ಲಿನ್ನಿನಲ್ಲಿ ಎಂಟಿವಿಯ ಯೂರೋಪ್ ಪ್ರಶಸ್ತಿ ಸಮಾರಂಭಗಳನ್ನೂ ನಡೆಸಿಕೊಟ್ಟ. ತಂಡ ಖ್ಯಾತಿಯ ತುದಿಯಲ್ಲಿದ್ದ ಕಾಲವದು. ಹೊಟ್ಟೆಪಾಡಿಗೆ ಮೈಕು ಹಿಡಿಯುವ ಅಗತ್ಯವೇ ಇರಲಿಲ್ಲ.

ತಂಡದ ಹುಟ್ಟಿನ ಕಥೆ ಸ್ವಲ್ಪ ಹಾಸ್ಯದ್ದು. ಬ್ರಿಟನ್ನಿನಲ್ಲಿ ಟೇಕ್ ದಟ್ ಎಂಬ ಹುಡುಗರ ಗಾಯನ ತಂಡದ ಅಬ್ಬರ ಕಂಡು, ಐರ್ಲೆಂಡಿಗೂ ಅಂಥದೊಂದು ಬೇಕೆಂದು ವ್ಯವಸ್ಥಾಪಕ ಲೂಯಿಸ್ ವಾಲ್ಶ್ 1993ರಲ್ಲಿ ಹುಡುಗರನ್ನು ಆರಿಸಿ ಸೇರಿಸಿದ. ಹಾಡು ಇನ್ನೂ ಸಿದ್ಧವಿಲ್ಲದಿದ್ದರೂ ಐರಿಷ್ ದೂರದರ್ಶನದ ಬಹು ಜನಪ್ರಿಯವಾದ 'ಲೇಟ್ ಲೇಟ್ ಶೋ'ಗೆ ಅವರನ್ನು ಕಳುಹಿಸಿಬಿಟ್ಟ. ಹುಡುಗರು ಹಾಡಲಿಲ್ಲ, ಬರೀ ಸಂಗೀತಕ್ಕೆ ಅಡ್ಡಾದಿಡ್ಡಿ ಕುಣಿದರು. ಆ ತುಣುಕನ್ನು ತೋರಿಸಿ ಐರ್ಲೆಂಡಿನ ಜನ ಇಂದಿಗೂ ನಗುತ್ತಾರೆ. ನಾನೂ ನೋಡಿದ್ದೇನೆ, ನಗದೆ ಇರುವುದು ಕಷ್ಟ.

ಆದರೆ ಆ ತಂಡ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಆರು ಹಾಡುಗಳನ್ನು ಮೊದಲ ಸ್ಥಾನಕ್ಕೇರಿಸಿತು. ಅವುಗಳಲ್ಲಿ ಮೂರು ಬೇರೆಯವರು ಹಾಡಿ ಪ್ರಸಿದ್ಧವಾಗಿದ್ದವು: ಬೀ ಜೀಸ್ ತಂಡದ್ದೊಂದು, ಬಿಲ್ಲಿ ಓಶನ್‌ದೊಂದು, ಆನ್ ಮರ್ರಿಯದೊಂದು. ನಮ್ಮಲ್ಲಿ ಕೆಲವರು ಇದನ್ನು ಎರವಲು ಎಂದು ಮೂಗು ಮುರಿಯುತ್ತಾರೆ. ಐರ್ಲೆಂಡಿನ ಮಟ್ಟಿಗೆ ಅದು ಹಳೆಯ ಸಂಪ್ರದಾಯ. ಐವತ್ತು, ಅರವತ್ತರ ದಶಕಗಳಲ್ಲಿ ಅಲ್ಲಿ ಶೋಬ್ಯಾಂಡ್ ಎಂಬ ತಂಡಗಳು ಊರೂರಿನ ನೃತ್ಯಶಾಲೆಗಳಲ್ಲಿ ಅಮೆರಿಕ, ಬ್ರಿಟನ್ನಿನ ಜನಪ್ರಿಯ ಹಾಡುಗಳನ್ನೇ ನುಡಿಸಿ ಜನರನ್ನು ಕುಣಿಸುತ್ತಿದ್ದವು. ಹಾಡು ಯಾರದೇ ಆಗಿರಲಿ, ಎದುರಿಗಿದ್ದವರ ಮನಸ್ಸನ್ನು ಗೆಲ್ಲುವವನೇ ಗಾಯಕ. ರೋನನ್ ಈ ಸಾಲಿಗೆ ಸೇರಿದವನು ಎಂದುಕೊಂಡರೆ ಆತನ ಗಾಯನವೂ ನಿರೂಪಣೆಯೂ ಒಂದೇ ಕಸುಬಿನಂತೆ ಕಾಣುತ್ತವೆ.

ಸ್ವತಂತ್ರ ಗಾಯನದ ಮೊದಲ ಹೆಜ್ಜೆಯೂ ಹೀಗೆಯೇ. 'ವೆನ್ ಯು ಸೇ ನಥಿಂಗ್ ಅಟ್ ಆಲ್' ಮೂಲತಃ ಅಮೆರಿಕದ ಕಂಟ್ರಿ ಗೀತೆ, ಅಂದರೆ ಅಲ್ಲಿಯ ಹಳ್ಳಿಗಾಡಿನ ಧಾಟಿಯ ಹಾಡು. ಪಾಲ್ ಓವರ್‌ಸ್ಟ್ರೀಟ್ ಮತ್ತು ಡಾನ್ ಶ್ಲಿಟ್ಜ್ ಬರೆದ ಅದನ್ನು 1988ರಲ್ಲಿ ಕೀತ್ ವಿಟ್ಲಿ, 1995ರಲ್ಲಿ ಆಲಿಸನ್ ಕ್ರಾಸ್ ಹಾಡಿದ್ದರು. 1999ರಲ್ಲಿ 'ನಾಟಿಂಗ್ ಹಿಲ್' ಚಿತ್ರಕ್ಕೆ ರೋನನ್ ಹಾಡಿದಾಗ ಬ್ರಿಟನ್ನಿನಲ್ಲಿ ಅದು ಒಂದನೆಯ ಸ್ಥಾನಕ್ಕೇರಿತು. ನೀನು ಏನೂ ಹೇಳದಿದ್ದಾಗಲೇ ಎಲ್ಲವನ್ನೂ ಹೇಳುತ್ತೀಯೆ ಎನ್ನುವ ಹಾಡು ಅದು. ಮುಂದೆ ದಿನವಿಡೀ ಮಾತಾಡಿ ಸಂಬಳ ಪಡೆಯಲಿರುವವನಿಗೆ ಒಳ್ಳೆಯ ಹಾಡೇ ಸಿಕ್ಕಿತು! ಬೆಂಗಳೂರಿನಲ್ಲಿ ನಾವು ಆತನನ್ನು ಗುರುತಿಸಿದ್ದೂ ಹೆಚ್ಚಾಗಿ ಆ ಚಿತ್ರದಿಂದಲೇ.

ಗಾಯಕನಾಗಿ ಆತನ ಅಳತೆ ಎಷ್ಟು? ನನ್ನ ಅಭಿಪ್ರಾಯದಲ್ಲಿ ತಂಡದ ಶುದ್ಧ ಕಂಠ ಸ್ಟೀಫನ್ ಗೇಟ್ಲಿಯದು. ರೋನನ್‌ನದು ತುಸು ಒರಟು ಅಂಚಿನ, ಸಾಲಿನ ಕೊನೆಯಲ್ಲಿ ಗೊಗ್ಗರಾಗುವ ದನಿ. ಎತ್ತರದ ಸ್ವರಗಳಿಗಿಂತ ತಗ್ಗಿನ ಮಾತಿನಲ್ಲಿ ಅದು ಹೆಚ್ಚು ಮುಟ್ಟುತ್ತದೆ. ಹಿತವಾಗಿ ಮಾತಾಡಿಸುವ ಆ ಗುಣವೇ ಕಂಟ್ರಿ ಗೀತೆಗಳಿಗೆ ಬೇಕಾದದ್ದು, ಬೆಳಗಿನ ರೇಡಿಯೋಗೂ ಬೇಕಾದದ್ದು.

ಮೊದಲ ಎರಡು ಆಲ್ಬಮ್‌ಗಳು, 2000 ಮತ್ತು 2002ರವು, ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆದವು. 2003ರ ಮೂರನೆಯದು ಹಿಂದೆ ಬಿತ್ತು. ನೀವು ಹೇಳುವ ಇಳಿಮುಖ ಇದೇ ಇರಬೇಕು. ಆಗ ಆತ ಹಾಡುವುದನ್ನೇನೂ ಬಿಡಲಿಲ್ಲ. 2007ರಲ್ಲಿ ತಂಡ ಮತ್ತೆ ಒಂದಾಯಿತು. 2009ರ ಅಕ್ಟೋಬರಿನಲ್ಲಿ ಗೇಟ್ಲಿ ಮಯೋರ್ಕಾದಲ್ಲಿ ಹಠಾತ್ತನೆ ತೀರಿಕೊಂಡ ಮೇಲೂ ಉಳಿದ ನಾಲ್ವರು ಜೊತೆಗಿದ್ದು 2019ರಲ್ಲಿ ವಿದಾಯ ಹೇಳಿದರು. ಇದರ ಜೊತೆಗೇ 2010ರಿಂದ 2014ರವರೆಗೆ ಆಸ್ಟ್ರೇಲಿಯದ 'ಎಕ್ಸ್ ಫ್ಯಾಕ್ಟರ್' ಗಾಯನ ಸ್ಪರ್ಧೆಯಲ್ಲಿ ತೀರ್ಪುಗಾರ, ಲಂಡನ್ನಿನ ರಂಗಭೂಮಿಯಲ್ಲಿ 'ಒನ್ಸ್' ಸಂಗೀತ ನಾಟಕದ ನಾಯಕ, 2017ರಿಂದ 2024ರವರೆಗೆ ಬ್ರಿಟನ್ನಿನ ಮ್ಯಾಜಿಕ್ ರೇಡಿಯೋದ ಬೆಳಗಿನ ಕಾರ್ಯಕ್ರಮ, 2021ರಿಂದ ಬಿಬಿಸಿಯ ಟಿ.ವಿ. ಕಾರ್ಯಕ್ರಮ 'ದಿ ಒನ್ ಶೋ'. ತಾಯಿ ಮೇರಿ 1998ರಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತ ಬಳಿಕ ಮನೆಯವರು ಕಟ್ಟಿದ ಪ್ರತಿಷ್ಠಾನಕ್ಕಾಗಿ ಮಾಡುತ್ತಿರುವ ಕೆಲಸ ಬೇರೆ. ಅದರ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿದರೆ ಬರೆಯಬಹುದು.

ತಂಡ ಮುರಿದ ಮೇಲೆ ನಿರೂಪಣೆ ಹಿಡಿದ ಐರಿಷ್ ಗಾಯಕ ಬೇಕೆಂದರೆ ವೆಸ್ಟ್‌ಲೈಫ್ ಎಂಬ ಇನ್ನೊಂದು ಐರಿಷ್ ತಂಡದ ನಿಕಿ ಬರ್ನ್ ಹೆಚ್ಚು ಹೊಂದುತ್ತಾನೆ. ತಂಡ 2012ರಲ್ಲಿ ಚದುರಿದ ಬಳಿಕ ರೇಡಿಯೋ, ಟಿ.ವಿ.ಯಲ್ಲಿ ನೆಲೆ ಕಂಡ. 2016ರ ಯೂರೋವಿಷನ್ನಿಗೆ ಐರ್ಲೆಂಡಿನ ಪರವಾಗಿ ಹಾಡಲು ಹೋಗಿ ಅಂತಿಮ ಸುತ್ತನ್ನೂ ತಲುಪಲಿಲ್ಲ. ಬಹುಶಃ ನೀವು ಕೇಳಿದ ಕಥೆಯಲ್ಲಿ ಇಬ್ಬರೂ ಬೆರೆತಿದ್ದಾರೆ.

ಇನ್ನು ಎಲ್ಲಿಂದ ಆರಂಭಿಸಬೇಕು? 'ಇಫ್ ಟುಮಾರೋ ನೆವರ್ ಕಮ್ಸ್' ಕೇಳಿ. ಗಾರ್ತ್ ಬ್ರೂಕ್ಸ್ 1989ರಲ್ಲಿ ಹಾಡಿದ ಮೂಲವನ್ನೂ ಪಕ್ಕದಲ್ಲಿಟ್ಟುಕೊಂಡರೆ ರೋನನ್ ಏನು ಕಳೆದ, ಏನು ಕೂಡಿಸಿದ ಎಂಬುದು ತಿಳಿಯುತ್ತದೆ. ಲವಲವಿಕೆಯದು ಬೇಕಾದರೆ 2000ದ 'ಲೈಫ್ ಈಸ್ ಎ ರೋಲರ್‌ಕೋಸ್ಟರ್'. ಮೂರನೆಯದಾಗಿ 'ಫಾದರ್ ಅಂಡ್ ಸನ್'. 1995ರಲ್ಲಿ ತಂಡದೊಂದಿಗೆ ಹಾಡಿದ್ದನ್ನೇ ಆತ 2004ರಲ್ಲಿ ಅದರ ಕರ್ತೃ ಯೂಸುಫ್ ಇಸ್ಲಾಂ ಜೊತೆ ಮತ್ತೆ ಹಾಡಿದ್ದಾನೆ. ಎರಡರಲ್ಲಿ ನನಗೆ ಎರಡನೆಯದೇ ಇಷ್ಟ. 2003ರ ಆಲ್ಬಮನ್ನು ಸದ್ಯಕ್ಕೆ ಬದಿಗಿಡಿ.