ನಮ್ಮ ಕಾಲುವೆ ನೀರು ಹುಬ್ಬಳ್ಳಿಗೆ ಹೋಯ್ತೇನ್ರೀ?

ಪ್ರಶ್ನೆ: ನವಲಗುಂದ ತಾಲೂಕಿನಾಗ ನಮ್ದು ಆರು ಎಕರೆ ಎರಿ ಹೊಲ ಐತ್ರಿ. ಮಲಪ್ರಭಾ ಕಾಲುವೆ ನಂಬಿ ಹಿಂಗಾರಿಗೆ ಗೋದಿ ಬಿತ್ತಿದ್ವಿ. ನಡುವ ನೀರು ನಿಂತು ಬೆಳಿ ಒಣಗಿತು. ಕೇಳಿದ್ರ ‘ಹುಬ್ಬಳ್ಳಿ-ಧಾರವಾಡಕ್ಕ ಕುಡಿಯಾಕ ಇಟ್ಟೀವಿ’ ಅಂದ್ರು. ಹುಬ್ಬಳ್ಳಿಯೊಳಗಿರೋ ಮಗಳು ನೋಡಿದ್ರ ‘ನಮಗೂ ವಾರಕ್ಕೊಮ್ಮೆ ನೀರು’ ಅಂತಾಳ. ಹಂಗಾರ ನೀರು ಹೋಗಿದ್ದೆಲ್ಲಿಗೆ? ಈ ಸಲ ಏನು ಬಿತ್ತೂಣು?

ಉತ್ತರ: ಬಿತ್ತಿದ ಗೋದಿ ಕಣ್ಣೆದುರೇ ಒಣಗುವ ಸಂಕಟ ದೊಡ್ಡದು. ಆದರೆ ನಿಮ್ಮ ಸಿಟ್ಟು ಮಗಳ ಮನೆಯ ನಳದ ಕಡೆ ತಿರುಗುವುದು ಬೇಡ. ಅವಳಿ ನಗರದಲ್ಲಿ 10 ಲಕ್ಷ ಜನ ಅಂತ ಹಿಡಿಯಿರಿ. ತಲೆಗೆ ದಿನಕ್ಕೆ 135 ಲೀಟರ್ ಕೊಟ್ಟರೂ ವರ್ಷಕ್ಕೆ ಸುಮಾರು ಒಂದೂಮುಕ್ಕಾಲು ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಸೋರಿಕೆಗೆಂದು ದುಪ್ಪಟ್ಟು ಮಾಡಿದರೆ ಮೂರೂವರೆ. ನಿಮ್ಮ ಕಾಲುವೆಗೆ ನೀರು ಕೊಡುವ, ನವಿಲುತೀರ್ಥದ ಮಲಪ್ರಭಾ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ಅದು ಎಲ್ಲ ವರ್ಷವೂ ಪೂರ್ತಿ ತುಂಬುವುದಿಲ್ಲ. ತುಂಬದಿದ್ದಾಗ ಕುಡಿಯುವ ನೀರನ್ನು ಮೊದಲು ತೆಗೆದಿಡುತ್ತಾರೆ, ಕೊರತೆಯೆಲ್ಲ ಕಾಲುವೆಯ ಮೇಲೆ ಬೀಳುತ್ತದೆ. ಕುಡಿಯುವ ನೀರಿಗೆ ಮೊದಲ ಸ್ಥಾನ ಅನ್ನುವುದು 1987ರ ರಾಷ್ಟ್ರೀಯ ಜಲನೀತಿಯಲ್ಲೇ ಇದೆ, ಅದು ಸರಿಯೂ ಹೌದು.

ನನ್ನ ತಕರಾರು ಬೇರೆ. ಜಲಾಶಯದ ಮೇಲ್ಭಾಗದಲ್ಲಿ ಕಬ್ಬು ಹೆಚ್ಚಿದೆ, ನದಿಗೆ ಪಂಪು, ಹೊಲಕ್ಕೆ ಕೊಳವೆಬಾವಿ. ಒಳಹರಿವು ಅಲ್ಲೇ ತಗ್ಗುತ್ತದೆ. ಕಾಲುವೆಯ ತಲೆಯಲ್ಲಿರುವವರು ಕಬ್ಬಿಗೆ ಹಾಯಿಸಿಕೊಂಡರೆ ಕೊನೆಯ ಹೊಲಕ್ಕೆ ಉಳಿಯುವುದು ಒಣ ಕಾಲುವೆ. ನಗರದಲ್ಲೂ ಹಾಳಾಗುವುದಿದೆ. ನಳ ಬಂದ ದಿನ ಓಣಿಯಲ್ಲಿ ನಿಂತು ನೋಡಿ: ವಾರದಿಂದ ಜೋಪಾನ ಮಾಡಿದ ಕೊಡದ ನೀರನ್ನು ‘ಹಳೇದಾತು’ ಅಂತ ಗಟಾರಿಗೆ ಚೆಲ್ಲಿ ಹೊಸದು ತುಂಬುತ್ತಾರೆ. ದಿನಾ ಬಂದರೆ ಯಾರೂ ಹೀಗೆ ಚೆಲ್ಲುವುದಿಲ್ಲ.

ಮಹದಾಯಿ ಕೊಳ್ಳದ ಕಳಸಾ-ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ನೀರು ಬರಲಿ, ನಾನೂ ಬಯಸುತ್ತೇನೆ. ಆದರೆ 2018ರ ಮಹದಾಯಿ ನ್ಯಾಯಮಂಡಳಿ ತೀರ್ಪಿನಲ್ಲಿ ಆ ಎರಡಕ್ಕೂ ಸೇರಿ ಸಿಕ್ಕಿದ್ದು 3.9 ಟಿಎಂಸಿ. ಅಷ್ಟನ್ನೇ ನಂಬಿ ಗೋದಿ ಬಿತ್ತಲಾಗದು.

ಈ ಸಲ ಜಲಾಶಯ ತುಂಬದಿದ್ದರೆ ಕಡಲೆ ಹಾಕಿರಿ. ಎರೆ ಹೊಲದಲ್ಲಿ ಅದು ನೆಲದ ಹಸಿಯ ಮೇಲೇ ಬರುತ್ತದೆ. ಸಾಲುಗಳ ನಡುವೆ ಎಡೆ ಹೊಡೆಯುವುದನ್ನು ಬಿಡಬೇಡಿ: ಬಿರುಕು ಮುಚ್ಚಿದಷ್ಟೂ ಹಸಿ ಉಳಿಯುತ್ತದೆ. ಕಾಯಿ ಕಟ್ಟುವಾಗ ಒಂದೇ ಒಂದು ನೀರು ಸಿಕ್ಕರೆ ಇಳುವರಿ ಏರುತ್ತದೆ. ಹೂ ತುಂಬಿದಾಗ ಮಾತ್ರ ಹಾಯಿಸಬೇಡಿ, ಬರೀ ಸೊಪ್ಪು ಬೆಳೆಯುತ್ತದೆ. ಆ ಒಂದು ನೀರಿಗೆ ಕೃಷಿ ಹೊಂಡ ಸಾಕು. ಎಕರೆಗೆ ಎರಡು ಇಂಚು ಅಂದರೆ 2 ಲಕ್ಷ ಲೀಟರ್. 70 ಅಡಿ ಉದ್ದ-ಅಗಲ, 10 ಅಡಿ ಆಳದ ಇಳಿಜಾರು ಬದಿಯ ಹೊಂಡ ತುಂಬಿದರೆ ಸುಮಾರು 10 ಲಕ್ಷ ಲೀಟರ್. ಆವಿಯಾಗಿದ್ದು ಕಳೆದು, ಸ್ಪ್ರಿಂಕ್ಲರ್‌ನಲ್ಲಿ ಬಿಟ್ಟರೆ ಮೂರು-ನಾಲ್ಕು ಎಕರೆ ನೆನೆಯುತ್ತದೆ.

ಊರಿನ ಹತ್ತು ರೈತರು ಕೂಡಿ, ನೀರಾವರಿ ಸಲಹಾ ಸಮಿತಿಯ ಸಭೆಗೆ ಮೊದಲೇ ಬರೆದು ಕೇಳಿರಿ: ಈ ವರ್ಷ ಕಾಲುವೆಗೆ ಎಷ್ಟು ದಿನ ನೀರು, ಯಾವ ತಾರೀಖಿನಿಂದ? ಉತ್ತರ ಬಿತ್ತನೆಗೆ ಮುಂಚೆ ಸಿಗಬೇಕು. ಅಷ್ಟರೊಳಗೆ ಹೊಲಕ್ಕೆ ಹೋಗಿ ಒಂದು ಗೇಣು ಕೆಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ ನೋಡಿ. ಉಂಡಿ ಆಗಿ ನಿಂತರೆ ಕಾಲುವೆಯ ದಾರಿ ಕಾಯದೆ ಕಡಲೆ ಕೂರಿಗೆ ಹೂಡಿರಿ.