ಟಿಕೆಟ್ ಹಣ ಮಗನಿಗೆ ವಾಪಸ್ ಕೊಡಲೇ?

ಪ್ರಶ್ನೆ: ನಾನು ಗಂಗಾವತಿಯವಳು, ವಯಸ್ಸು 61. ಅಬುಧಾಬಿಯಲ್ಲಿರುವ ಮಗ ನನ್ನನ್ನು ಕರೆಸಿಕೊಂಡಿದ್ದ. ಒಂದು ದಿನ ಮನೆಮಂದಿಯನ್ನೆಲ್ಲ ಫೆರಾರಿ ವರ್ಲ್ಡ್ ಎಂಬ ಆಟದ ಪಾರ್ಕಿಗೆ ಕರೆದೊಯ್ದ. ನಾನು ಯಾವ ಆಟಕ್ಕೂ ಹತ್ತದೆ ಚೀಲ ಕಾಯುತ್ತ ಕುಳಿತೆ. ತಿಂಡಿಯ ಬೆಲೆಯನ್ನು ರೂಪಾಯಿ ಲೆಕ್ಕದಲ್ಲಿ ಹೇಳಿದ್ದಕ್ಕೆ ಎಲ್ಲರೆದುರು ರೇಗಿದ: ‘ಜಾತ್ರೆಯಲ್ಲೂ ನೀನು ಹೀಗೆಯೇ ಮಾಡಿದ್ದೆ.’ ಊರಿಗೆ ಬಂದ ಮೇಲೆ ಫೋನಿನಲ್ಲಿ ಎರಡೇ ಮಾತು. ಸೊಸೆ ತಲೆ ತುಂಬಿರಬಹುದೇ? ಟಿಕೆಟ್ ಹಣವನ್ನು ಅವನ ಖಾತೆಗೆ ಹಾಕಿಬಿಡಲೇ?

ಉತ್ತರ: ಅಮ್ಮಾ, ಮೊದಲು ಸೊಸೆಯ ಮಾತು ಮುಗಿಸಿಬಿಡೋಣ. ಮಗುವನ್ನು ಗಂಡನ ಜೊತೆ ಸಾಲಿನಲ್ಲಿ ಬಿಟ್ಟು ಬಂದು, ಹೊಸ ಚಪ್ಪಲಿ ಕಚ್ಚಿದ್ದ ನಿಮ್ಮ ಹಿಮ್ಮಡಿಗೆ ಪಟ್ಟಿ ಅಂಟಿಸಿದವಳು ಅವಳೇ ಎಂದು ನೀವೇ ಬರೆದಿದ್ದೀರಿ. ಅವಳನ್ನು ಇದರಿಂದ ಹೊರಗಿಡಿ.

ಆಟಕ್ಕೆ ಹತ್ತದಿದ್ದುದು ತಪ್ಪಲ್ಲ. ಅಲ್ಲಿನ ಫಾರ್ಮುಲಾ ರೋಸಾ ಎಂಬ ರೋಲರ್ ಕೋಸ್ಟರ್ ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಕುಳಿತವರ ಕಣ್ಣಿಗೆ ರಕ್ಷಣಾ ಕನ್ನಡಕ ಬೇಕೇ ಬೇಕು. ರಕ್ತದೊತ್ತಡ, ಹೃದಯ, ಬೆನ್ನಿನ ತೊಂದರೆ ಇರುವವರು ಇಂಥವುಗಳಿಗೆ ಹತ್ತಬಾರದೆಂದು ಪಾರ್ಕಿನವರೇ ಎಚ್ಚರಿಸುತ್ತಾರೆ. ಬಿಪಿ ಮಾತ್ರೆ ನುಂಗುವ ನೀವು ಕೆಳಗೆ ಕುಳಿತದ್ದೇ ಒಳ್ಳೆಯದಾಯಿತು. ಆದರೆ ಅದನ್ನು ಹಿಂದಿನ ರಾತ್ರಿಯೇ ಹೇಳಬೇಕಿತ್ತು. ಅಲ್ಲಿ ಬಾಗಿಲಲ್ಲೇ ಒಟ್ಟು ಟಿಕೆಟ್ ತೆಗೆಯಬೇಕು. ಹತ್ತದೆ ನೀವು ಉಳಿಸಿದ್ದು ಬಿಡಿಗಾಸೂ ಇಲ್ಲ.

ಇನ್ನು ಬೆಲೆ. ದಿರ್ಹಮ್ ಡಾಲರ್‌ಗೆ ಕಟ್ಟುಬಿದ್ದ ನಾಣ್ಯ. ಒಂದು ಡಾಲರ್‌ಗೆ 3.6725 ದಿರ್ಹಮ್ ಎಂಬ ದರ 1997ರಿಂದ ಕದಲಿಲ್ಲ. ರೂಪಾಯಿ ಮಾತ್ರ ಇಳಿಯುತ್ತ ಬಂದಿದೆ. ಹೀಗಾಗಿ ಗಂಗಾವತಿಯ ಲೆಕ್ಕದಲ್ಲಿ ಅಲ್ಲಿನ ನೀರಿನ ಬಾಟಲಿಯೂ ಹೆದರಿಸುತ್ತದೆ. ಮಗನ ಸಂಬಳವೂ ದಿರ್ಹಮ್‌ನಲ್ಲೇ ಬರುತ್ತದೆಂಬುದನ್ನು ನೀವು ಮರೆತಿರಿ. ಆಲೂಗಡ್ಡೆ ಫ್ರೈಸ್‌ನ ಪೊಟ್ಟಣ ಕೈಯಲ್ಲಿ ಹಿಡಿದು ‘ಈ ದುಡ್ಡಿಗೆ ಅರ್ಧ ಚೀಲ ಸೋನಾ ಮಸೂರಿ ಬರುತ್ತಿತ್ತು’ ಎಂದಿರಂತೆ. ಅಕ್ಕಿ ಗಿರಣಿಗಳ ಊರಿನವರ ಲೆಕ್ಕ ತಪ್ಪಿರಲಾರದು. ಆದರೆ ಕೊಪ್ಪಳದ ಗವಿಮಠದ ಮಹಾದಾಸೋಹದ ಪಂಕ್ತಿಯಲ್ಲಿ ಕುಳಿತು, ಇದಕ್ಕೆ ಎಷ್ಟು ಬಿತ್ತು ಎಂದು ಬಡಿಸುವವರನ್ನು ಕೇಳುತ್ತೀರಾ?

ನಿಮ್ಮ ಪತ್ರದ ತುಂಬ ಬೆಲೆಗಳೇ. ಜಾತ್ರೆಯ ವಿಷಯ ಮಾತ್ರ ಕೊನೆಯಲ್ಲಿ, ಇಕ್ಕಟ್ಟಿನ ಅಕ್ಷರಗಳಲ್ಲಿದೆ: ಹುಡುಗ ಏಳೆಂಟು ವರ್ಷದವನಿದ್ದಾಗ ಕೊಪ್ಪಳದ ಜಾತ್ರೆಯಲ್ಲಿ ತೊಟ್ಟಿಲು ಹತ್ತುತ್ತೇನೆಂದು ಹಟ ಹಿಡಿದ, ಬಸ್ಸಿನ ದುಡ್ಡು ಮಾತ್ರ ಉಳಿದಿದ್ದರಿಂದ ನೀವು ರಟ್ಟೆ ಹಿಡಿದು ಎಳೆದುಕೊಂಡು ಬಂದಿರಿ. ಅಸಲು ಜಗಳ ಅಲ್ಲಿದೆ. ನಿಮ್ಮ ಸೆರಗಿನ ಗಂಟಿನಲ್ಲಿ ಎಷ್ಟಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಅವ್ವ ಬೇಡವೆಂದಳು ಎಂಬುದಷ್ಟೇ ಉಳಿಯಿತು. ಈಗ ತನ್ನ ದುಡಿಮೆಯಲ್ಲಿ ಕರೆದೊಯ್ದರೂ ಅವ್ವನ ಬಾಯಲ್ಲಿ ಅದೇ ಬೇಡ. ಹಾಗೆಂದು ಹತ್ತು ಜನರೆದುರು ತಾಯಿಯ ಮೇಲೆ ರೇಗಬಹುದೇ? ಖಂಡಿತ ಕೂಡದು. ಮೊಣಕಾಲು ನೋಯುವ ತಾಯಿಗೆ ಎಲ್ಲಿಗೆ ಹೋಗುವ ಆಸೆ ಇದೆಯೆಂದು ಒಂದು ಮಾತು ಕೇಳಬಹುದಿತ್ತು. ಪತ್ರ ಅವನು ಬರೆದಿದ್ದರೆ ಅವನಿಗೂ ಇದನ್ನೇ ಹೇಳುತ್ತಿದ್ದೆ.

ಭಾನುವಾರ ಫೋನ್ ಮಾಡಿ. ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ನಮ್ಮಲ್ಲಿ ಹನ್ನೊಂದೂವರೆಯಾದರೆ ಅಲ್ಲಿ ಹತ್ತು, ಎಲ್ಲರೂ ಎದ್ದು ಕುಳಿತಿರುತ್ತಾರೆ. ಕ್ಷಮೆ ಕೇಳಬೇಡಿ, ಅವನು ಗಾಬರಿಯಾದಾನು. ಆ ಜಾತ್ರೆಯ ದಿನ ಕೈಯಲ್ಲಿ ಎಷ್ಟು ದುಡ್ಡಿತ್ತು, ಬಸ್ಸಿಗೆ ಎಷ್ಟು ಬೇಕಿತ್ತು, ಮನೆಗೆ ಬಂದ ಮೇಲೆ ನಿಮಗೆ ಏನೆನ್ನಿಸಿತು ಎಂಬುದನ್ನು ಹೇಳಿ. ಬೆಲೆಯ ಲೆಕ್ಕ ಹೇಳುವ ನಿಮ್ಮ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರಲಿ! ಅವನು ಸುಮ್ಮನಾದರೆ ನೀವೂ ಸುಮ್ಮನಿರಿ, ಫೋನ್ ಇಡಬೇಡಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಪಾರ್ಸೆಲ್ ಕಳಿಸುವುದೆಲ್ಲ ಆಮೇಲೆ.

ಟಿಕೆಟ್ ಹಣವನ್ನು ಮಾತ್ರ ಹಾಕಲೇಬೇಡಿ. ಅದು ಖಾತೆಗೆ ಬಿದ್ದ ದಿನ ಈಗಿರುವ ಎರಡು ಮಾತೂ ನಿಲ್ಲುತ್ತವೆ. ಅಷ್ಟು ದುಡ್ಡು ಕೈಯಲ್ಲಿದ್ದರೆ ಮೂಳೆ ವೈದ್ಯರಿಗೆ ಮೊಣಕಾಲು ತೋರಿಸಿ, ಅವರು ಏನೆಂದರೆಂದು ಮಗನಿಗೂ ಹೇಳಿ.